ಗಾಂಜಾ ಗಿಡದ ಪದಾರ್ಥ ಬೆರೆತ ಸೌಂದರ್ಯವರ್ಧಕಗಳು: ನಿಯಮಗಳ ಸಮಗ್ರ ಮಾರ್ಗದರ್ಶಿ

ಹೆಂಪ್ (ಅಮಲಿನ ಅಂಶ ತೀರಾ ಕಡಿಮೆ ಇರುವ ಗಾಂಜಾ ತಳಿ) ಎಣ್ಣೆ ಹಾಕಿದ ಕ್ರೀಮನ್ನು ಮಾರಬಹುದಾ ಎಂದು ಯಾರನ್ನಾದರೂ ಕೇಳಿ ನೋಡಿ. ಅರ್ಧ ಜನ "ಅದರಲ್ಲೇನಿದೆ, ಬರೀ ಬೀಜದ ಎಣ್ಣೆ ತಾನೇ" ಎನ್ನುತ್ತಾರೆ. ಉಳಿದರ್ಧ "ಜೈಲಿಗೆ ಹೋಗೋ ಆಸೆನಾ?" ಎನ್ನುತ್ತಾರೆ. ಎರಡೂ ಅರೆಬರೆ ಉತ್ತರ. ಸಿಬಿಡಿ (ಗಾಂಜಾ ಗಿಡದಲ್ಲಿರುವ, ಅಮಲೇರಿಸದ ಒಂದು ರಾಸಾಯನಿಕ) ಹಾಕಿದ ಒಂದೇ ಕ್ರೀಮು ಐರೋಪ್ಯ ಒಕ್ಕೂಟದ ಹಲವು ದೇಶಗಳಲ್ಲಿ ಸೌಂದರ್ಯವರ್ಧಕವಾಗಿ ಬಿಕರಿಯಾಗುತ್ತದೆ. ಗಾಂಜಾ ಸೇದುವುದನ್ನೇ ಕಾನೂನುಬದ್ಧ ಮಾಡಿರುವ ಕೆನಡಾದಲ್ಲಿ ಅದನ್ನು ಸಾಮಾನ್ಯ ಸೌಂದರ್ಯವರ್ಧಕ ಎಂದು ಮಾರುವಂತಿಲ್ಲ. ಹಾಂಗ್‌ಕಾಂಗ್‌ನಲ್ಲಂತೂ 2023ರ ಫೆಬ್ರವರಿ 1ರಿಂದ ಅದು ಅಪಾಯಕಾರಿ ಮಾದಕ ವಸ್ತುಗಳ ಪಟ್ಟಿಯಲ್ಲಿದೆ.

ಹಾಗಾಗಿ ಗಾಂಜಾದ ಬಗ್ಗೆ ಆ ದೇಶ ಉದಾರವೋ ಬಿಗಿಯೋ ಎಂಬುದನ್ನು ನೋಡಿ ಸೌಂದರ್ಯವರ್ಧಕದ ನಿಯಮವನ್ನು ಊಹಿಸಲು ಹೋಗಬೇಡಿ. "ಎಷ್ಟು ಪರ್ಸೆಂಟ್ ಹಾಕಬಹುದು?" ಎಂಬ ಪ್ರಶ್ನೆಯಿಂದ ಶುರು ಮಾಡುವುದೂ ಬೇಡ. ಬಹುತೇಕ ಎಲ್ಲ ದೇಶಗಳ ಕಾನೂನೂ ಮೊದಲು ಕೇಳುವುದು ಬೇರೆಯದೇ ಪ್ರಶ್ನೆ: ಇದು ಗಿಡದ ಯಾವ ಭಾಗದಿಂದ ಬಂತು? ಶೇಕಡಾವಾರು ಲೆಕ್ಕ ಆಮೇಲಿನದು. ಈ ಬರಹವೂ ಅದೇ ಕ್ರಮದಲ್ಲಿ ಹೋಗುತ್ತದೆ. ಸ್ವಂತ ಬ್ರ್ಯಾಂಡ್ ಕಟ್ಟುತ್ತಿರುವ ಸಣ್ಣ ತಯಾರಕರು, ಬೇರೆಯವರಿಂದ ಮಾಡಿಸಿ ತಮ್ಮ ಲೇಬಲ್ ಹಾಕಿಕೊಳ್ಳುವವರು, ಫಾರ್ಮುಲಾ ಬರೆಯುವವರು, ಹೀಗೆ ಯಾರೇ ಆದರೂ ವಕೀಲರ ಬಳಿಯೋ ಇಲಾಖೆಗೋ ಹೋಗುವ ಮೊದಲು ಕೈಯಲ್ಲಿ ಇಟ್ಟುಕೊಂಡಿರಬೇಕಾದ ಕಡತವನ್ನು ಕಟ್ಟುವುದು ಹೇಗೆ ಎಂಬುದು ಇಲ್ಲಿಯ ವಿಷಯ.

ಹೆಜ್ಜೆ 1: ಮೂರು ಕಾನೂನುಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಿ

ಮಾದಕ ವಸ್ತು ಕಾನೂನು, ಸೌಂದರ್ಯವರ್ಧಕ ಕಾನೂನು, ಔಷಧ ಕಾನೂನು. ಮೊದಲನೆಯದು ಆ ಪದಾರ್ಥವನ್ನು ನೀವು ಇಟ್ಟುಕೊಳ್ಳಬಹುದೇ ಎಂದು ಹೇಳುತ್ತದೆ. ಎರಡನೆಯದು ಅದನ್ನು ಕ್ರೀಮಿಗೆ ಹಾಕಬಹುದೇ ಎಂದು ಹೇಳುತ್ತದೆ. ಡಬ್ಬಿಯ ಮೇಲೆ ನೀವು ಬರೆದ ಮಾತಿನಿಂದ ಆ ಕ್ರೀಮು ಔಷಧಿಯಾಗಿಬಿಟ್ಟಿತೇ ಎಂದು ನೋಡುವುದು ಮೂರನೆಯದು. ಒಂದರಲ್ಲಿ ಪಾಸಾದರೆ ಇನ್ನೊಂದರಲ್ಲಿ ಪಾಸಾದಂತಲ್ಲ. ಈ ಮೂರನ್ನು ಆಡಳಿತ ಮಾಡುವ ಇಲಾಖೆಗಳೂ ಸಾಮಾನ್ಯವಾಗಿ ಬೇರೆಬೇರೆ. ಸೌಂದರ್ಯವರ್ಧಕ ವಿಭಾಗದ ಅಧಿಕಾರಿ "ನಮ್ಮ ಕಡೆಯಿಂದ ಅಡ್ಡಿಯಿಲ್ಲ" ಎಂದರೆ ಅದು ಅವರ ಕಡೆಯ ಮಾತು ಮಾತ್ರ.

ಹೆಜ್ಜೆ 2: ಗಿಡದ ಯಾವ ಭಾಗ ಎಂಬುದನ್ನು ಕಾಗದದ ಮೇಲೆ ಖಚಿತಪಡಿಸಿಕೊಳ್ಳಿ

ಎಲ್ಲದರ ಬೇರು ಇರುವುದು ವಿಶ್ವಸಂಸ್ಥೆಯ 1961ರ ಮಾದಕ ವಸ್ತುಗಳ ಏಕ ಒಪ್ಪಂದದಲ್ಲಿ. ಅದರ ಮೊದಲ ವಿಧಿ ಗಾಂಜಾ ಎಂದರೆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿಗಳು ಎನ್ನುತ್ತದೆ. ತುದಿಯ ಜೊತೆಗಿಲ್ಲದ ಬೀಜ ಮತ್ತು ಎಲೆಗಳನ್ನು ಆ ವ್ಯಾಖ್ಯೆಯಿಂದ ಹೊರಗಿಡುತ್ತದೆ. 28ನೇ ವಿಧಿಯ ಪ್ರಕಾರ ನಾರು ಮತ್ತು ಬೀಜಕ್ಕಾಗಿಯೇ ನಡೆಯುವ ಕೈಗಾರಿಕಾ ಬೇಸಾಯಕ್ಕೆ ಒಪ್ಪಂದ ಅನ್ವಯಿಸುವುದಿಲ್ಲ. ಗಾಂಜಾ, ಅದರ ರಾಳ, ಸಾರ, ಟಿಂಕ್ಚರು (ಆಲ್ಕೋಹಾಲಿನಲ್ಲಿ ತೆಗೆದ ದ್ರಾವಣ) ಇವೆಲ್ಲ ಒಂದನೇ ಪಟ್ಟಿಯಲ್ಲಿವೆ. ಅಮಲೇರಿಸುವ ಟಿಎಚ್‌ಸಿ ಎಂಬ ಅಣು ಮಾತ್ರ ಪ್ರತ್ಯೇಕವಾಗಿ 1971ರ ಮನಃಪ್ರಭಾವಿ ವಸ್ತುಗಳ ಒಪ್ಪಂದದಡಿ ಬರುತ್ತದೆ.

2020ರ ಡಿಸೆಂಬರ್ 2ರಂದು ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗ ಗಾಂಜಾವನ್ನು ಅತಿ ಬಿಗಿಯಾದ ನಾಲ್ಕನೇ ಪಟ್ಟಿಯಿಂದ ತೆಗೆದಾಗ "ಗಾಂಜಾ ಈಗ ಮುಕ್ತ" ಎಂಬ ಸುದ್ದಿ ಎಲ್ಲೆಡೆ ಹರಿದಾಡಿತು. 27 ಪರ, 25 ವಿರೋಧ, ಒಬ್ಬರು ತಟಸ್ಥ. ಆದರೆ ಒಂದನೇ ಪಟ್ಟಿಯಲ್ಲಿ ಅದು ಹಾಗೆಯೇ ಉಳಿಯಿತು. ಅಲ್ಪ ಟಿಎಚ್‌ಸಿ ಇರುವ ಸಿಬಿಡಿ ತಯಾರಿಕೆಗಳನ್ನು ನಿಯಂತ್ರಣದಿಂದ ಹೊರಗಿಡುವ ಶಿಫಾರಸು ಅದೇ ದಿನ ಬಿದ್ದುಹೋಯಿತು. ಸೌಂದರ್ಯವರ್ಧಕದವರಿಗೆ ನಿಜಕ್ಕೂ ಬೇಕಿದ್ದದ್ದು ಆ ಎರಡನೆಯ ಮತದಾನ; ಅದರ ಸುದ್ದಿ ಮಾಡಿದವರು ಕಡಿಮೆ.

ಬೀಜವನ್ನು ಹೊರಗಿಟ್ಟದ್ದಕ್ಕೆ ಸಸ್ಯಶಾಸ್ತ್ರದ ಕಾರಣವಿದೆ. ಬೀಜದೊಳಗೆ ಟಿಎಚ್‌ಸಿ ಹೆಚ್ಚುಕಡಿಮೆ ಇಲ್ಲ. ಆದರೆ ಬೀಜವನ್ನು ಸುತ್ತಿಕೊಂಡಿರುವ ಪುಟ್ಟ ಎಲೆಕವಚದ ಮೇಲೆ ಅಂಟಂಟಾದ ರಾಳದ ಗ್ರಂಥಿಗಳು ತುಂಬಿರುತ್ತವೆ. ಕೊಯ್ದು ಒಕ್ಕುವಾಗ ಆ ರಾಳ ಬೀಜದ ಸಿಪ್ಪೆಗೆ ಮೆತ್ತಿಕೊಳ್ಳುತ್ತದೆ. ಗಾಣಕ್ಕೆ ಹಾಕುವ ಮೊದಲು ಬೀಜವನ್ನು ಚೆನ್ನಾಗಿ ಹಸನು ಮಾಡಿದವರ ಎಣ್ಣೆಯಲ್ಲಿ ಟಿಎಚ್‌ಸಿ ಒಂದೆರಡು ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು) ಇದ್ದರೆ, ಹಾಗೇ ಹಿಂಡಿದವರ ಎಣ್ಣೆಯಲ್ಲಿ ಅದು ಹತ್ತಾರು ಪಟ್ಟು ಏರಬಹುದು. ಎರಡರ ಲೇಬಲ್ಲೂ "ಹೆಂಪ್ ಬೀಜದ ಎಣ್ಣೆ" ಎಂದೇ ಇರುತ್ತದೆ.

ಸರಬರಾಜುದಾರರಿಂದ ಮೂರು ಸಂಗತಿ ಬರವಣಿಗೆಯಲ್ಲಿ ತೆಗೆದುಕೊಳ್ಳಿ: ಗಿಡದ ಭಾಗ, ತೆಗೆದ ವಿಧಾನ (ಗಾಣವೋ, ದ್ರಾವಕವೋ, ಇಂಗಾಲದ ಡೈಆಕ್ಸೈಡೋ), ಬೆಳೆದ ದೇಶದಲ್ಲಿ ಆ ಬೇಸಾಯಕ್ಕೆ ಇದ್ದ ಪರವಾನಗಿ. "ಹೆಂಪ್ ಆಯಿಲ್" ಎಂದಷ್ಟೇ ಬರೆದ ಬಿಲ್ಲನ್ನು ಒಪ್ಪಿಕೊಳ್ಳಬೇಡಿ. ಆ ಹೆಸರಿನಲ್ಲಿ ಬೀಜದ ಎಣ್ಣೆಯೂ ಬರುತ್ತದೆ, ಹೂವಿನ ಸಾರವನ್ನು ಬೇರೆ ಎಣ್ಣೆಗೆ ಕಲಸಿದ್ದೂ ಬರುತ್ತದೆ. ಕಸ್ಟಮ್ಸ್‌ನವರು ತಡೆದಾಗ ಈ ಅಸ್ಪಷ್ಟತೆ ನಿಮ್ಮ ವಿರುದ್ಧವೇ ತಿರುಗುತ್ತದೆ.

ಹೆಜ್ಜೆ 3: ನಿಮ್ಮ ಪದಾರ್ಥ ಯಾವ ಗುಂಪಿನದು?

ಬೀಜದ ಎಣ್ಣೆ. ಎಲ್ಲಕ್ಕಿಂತ ಸಲೀಸು. ಚರ್ಮಕ್ಕೆ ಒಗ್ಗುವ ಲಿನೋಲೀಯಿಕ್ ಆಮ್ಲ ಇದರ ಅರ್ಧಕ್ಕಿಂತ ಹೆಚ್ಚು. ಬಹಳಷ್ಟು ದೇಶಗಳು ಟಿಎಚ್‌ಸಿ ಉಳಿಕೆಗೆ ಮಿತಿ ಹಾಕಿ ಬಿಟ್ಟುಬಿಡುತ್ತವೆ. ದೊಡ್ಡ ಅಪವಾದ ಚೀನಾ. ಅದರ ಮಾತು ಮುಂದೆ ಬರುತ್ತದೆ.

ಶುದ್ಧ ಸಿಬಿಡಿ. ಬಿಳಿ ಹರಳಿನ ಪುಡಿ. ಹೂವಿನಿಂದಲೂ ತೆಗೆಯುತ್ತಾರೆ, ಪ್ರಯೋಗಾಲಯದಲ್ಲಿ ಸಂಶ್ಲೇಷಣೆಯಿಂದಲೂ ಮಾಡುತ್ತಾರೆ. ಅಣು ಒಂದೇ ಆದರೂ ಕೆಲವು ಕಡೆ ಕಾನೂನು ಎರಡನ್ನೂ ಬೇರೆಬೇರೆಯಾಗಿ ನೋಡಿದ್ದುಂಟು. ಯುರೋಪಿನಲ್ಲಿ ಈ ಗೊಂದಲ ಬಗೆಹರಿದದ್ದು 2020ರ ನವೆಂಬರ್ 19ರ ಕನಾವಾಪ್ ತೀರ್ಪಿನಿಂದ. ಝೆಕ್ ಗಣರಾಜ್ಯದಲ್ಲಿ ಇಡೀ ಗಿಡದಿಂದ ಕಾನೂನುಬದ್ಧವಾಗಿ ತೆಗೆದ ಸಿಬಿಡಿಯನ್ನು ಫ್ರಾನ್ಸ್ ಸುಮ್ಮನೆ ನಿಷೇಧಿಸುವಂತಿಲ್ಲ, ಅದು 1961ರ ಒಪ್ಪಂದದ ಅರ್ಥದಲ್ಲಿ ಮಾದಕ ವಸ್ತು ಅಲ್ಲ ಎಂದು ಐರೋಪ್ಯ ನ್ಯಾಯಾಲಯ ಹೇಳಿತು. ಆ ಬಳಿಕ ಐರೋಪ್ಯ ಆಯೋಗದ ಕಾಸಿಂಗ್ ಎಂಬ ಪದಾರ್ಥ ಪಟ್ಟಿಯಲ್ಲಿ ಗಿಡಮೂಲದ ಸಿಬಿಡಿಯೂ ಸೇರಿತು. ಕಾಸಿಂಗ್ ಪಟ್ಟಿಗೆ ಕಾನೂನಿನ ಬಲವಿಲ್ಲ, ಅದೊಂದು ಮಾಹಿತಿ ಕೋಶ ಎಂಬುದನ್ನು ಮಾತ್ರ ಮರೆಯಬೇಡಿ.

ಪೂರ್ಣ ಸಾರ, ಅಂದರೆ ಮಾರಾಟದವರು "ಫುಲ್ ಸ್ಪೆಕ್ಟ್ರಮ್" ಎನ್ನುವುದು. ಹೂವು, ರಾಳ, ಎಲೆ ಎಲ್ಲ ಸೇರಿಸಿ ತೆಗೆದ ಸಾರ. ಸೌಂದರ್ಯವರ್ಧಕಕ್ಕೆ ಇದನ್ನು ಮುಟ್ಟದಿರುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಕಾರಣ ಲೆಕ್ಕದಲ್ಲೇ ಇದೆ. ಸಿಬಿಡಿ ಹೆಚ್ಚಿರುವ ಹೆಂಪ್ ತಳಿಗಳಲ್ಲಿ ಸಿಬಿಡಿ ಮತ್ತು ಟಿಎಚ್‌ಸಿಯ ಅನುಪಾತ ಸುಮಾರು 20ರಿಂದ 30ಕ್ಕೆ 1. ಡಬ್ಬಿಯ ಮೇಲೆ "500 ಮಿ.ಗ್ರಾಂ ಸಿಬಿಡಿ" ಎಂದು ಬರೆಯುವಷ್ಟು ಸಾರ ಹಾಕಿದರೆ, ಪ್ರತ್ಯೇಕವಾಗಿ ತೆಗೆದುಹಾಕದ ಹೊರತು ಸುಮಾರು 20 ಮಿ.ಗ್ರಾಂ ಟಿಎಚ್‌ಸಿ ಅದರ ಬೆನ್ನಿಗೇ ಬಂದಿರುತ್ತದೆ. ಬ್ರಿಟನ್ನಿನಲ್ಲಿ ಇಡೀ ಡಬ್ಬಿಗೆ ಸಿಗುವ ವಿನಾಯಿತಿಯ ಮಿತಿ 1 ಮಿ.ಗ್ರಾಂ.

ಎಲೆಯ ಸಾರ. ಒಪ್ಪಂದದ ವ್ಯಾಖ್ಯೆಯಲ್ಲಿ ಬಿಡಿ ಎಲೆ ಹೊರಗಿದೆ ನಿಜ. ಆದರೆ ತುದಿಯ ಎಲೆಗಳಿಗೆ ರಾಳ ಅಂಟಿರುತ್ತದೆ, ಮತ್ತು ಎಲೆಯನ್ನು ನಿಯಂತ್ರಿಸುವ ಹಕ್ಕನ್ನು ದೇಶಗಳು ಕೈಬಿಟ್ಟಿಲ್ಲ. ದೇಶದಿಂದ ದೇಶಕ್ಕೆ ಉತ್ತರ ಬದಲಾಗುವುದು ಇಲ್ಲಿಯೇ ಹೆಚ್ಚು.

ಎಚ್‌ಎಚ್‌ಸಿ, ಡೆಲ್ಟಾ-8 ಮುಂತಾದ ಹೊಸ ಹೆಸರುಗಳು. ಸಿಬಿಡಿಯನ್ನು ರಾಸಾಯನಿಕವಾಗಿ ಮಾರ್ಪಡಿಸಿ ಮಾಡಿದ ಅಮಲಿನ ಸರಕು ಇದು. ಎಚ್‌ಎಚ್‌ಸಿಯನ್ನು 2025ರ ಮಾರ್ಚ್‌ನಲ್ಲಿ 1971ರ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಲಾಯಿತು. ಮುಖದ ಕ್ರೀಮಿನಲ್ಲಿ ಇವುಗಳಿಗೆ ಕೆಲಸವೇ ಇಲ್ಲ.

ಹೆಜ್ಜೆ 4: ಎಲ್ಲಿ ಮಾರುತ್ತೀರೋ ಅಲ್ಲಿಯ ನಿಯಮ

ಐರೋಪ್ಯ ಒಕ್ಕೂಟ. ಮೂಲ ಕಾನೂನು 1223/2009 ಸಂಖ್ಯೆಯ ಸೌಂದರ್ಯವರ್ಧಕ ನಿಯಮಾವಳಿ. ಅದರ ಎರಡನೇ ಅನುಬಂಧ ನಿಷೇಧಿತ ಪದಾರ್ಥಗಳ ಪಟ್ಟಿ. 306ನೇ ನಮೂದು 1961ರ ಒಪ್ಪಂದದ ಒಂದು ಮತ್ತು ಎರಡನೇ ಪಟ್ಟಿಯ ಮಾದಕ ವಸ್ತುಗಳನ್ನೆಲ್ಲ ನಿಷೇಧಿಸುತ್ತದೆ. ಬೀಜದ ಎಣ್ಣೆ ಆ ವ್ಯಾಖ್ಯೆಯ ಆಚೆ ನಿಲ್ಲುವುದರಿಂದ ಬಚಾವು. ಅದರಲ್ಲಿ ಉಳಿದ ಚೂರುಪಾರು ಟಿಎಚ್‌ಸಿಯ ಗತಿ? ಅದಕ್ಕೆ 17ನೇ ವಿಧಿಯಿದೆ: ನಿಷೇಧಿತ ವಸ್ತು ಉದ್ದೇಶಪೂರ್ವಕವಾಗಿ ಸೇರಿರಬಾರದು, ಅಲ್ಪ ಪ್ರಮಾಣದಲ್ಲಿರಬೇಕು, ಉತ್ತಮ ತಯಾರಿಕಾ ಪದ್ಧತಿ ಪಾಲಿಸಿದರೂ ತಪ್ಪಿಸಲಾಗದ್ದಾಗಿರಬೇಕು, ಬಳಕೆದಾರರಿಗೆ ಸುರಕ್ಷಿತವಿರಬೇಕು. ಈ ನಾಲ್ಕನ್ನೂ ತೋರಿಸುವ ಹೊಣೆ ನಿಮ್ಮದು. ಮಾದಕ ವಸ್ತುವಿನ ವಿಷಯದಲ್ಲಿ ಸದಸ್ಯ ದೇಶಗಳು ತಮ್ಮ ತಮ್ಮ ಕಾನೂನನ್ನು ಇಟ್ಟುಕೊಂಡಿರುವುದರಿಂದ ಒಂದು ದೇಶದಲ್ಲಿ ಸರಿ ಎನಿಸಿದ್ದು ನೆರೆದೇಶದಲ್ಲೂ ಸರಿ ಎಂದುಕೊಳ್ಳುವಂತಿಲ್ಲ.

ಬ್ರಿಟನ್. ಸೌಂದರ್ಯವರ್ಧಕ ನಿಯಮ ಯುರೋಪಿನದ್ದನ್ನೇ ಹೋಲುತ್ತದೆ. ತೊಡಕಿರುವುದು 2001ರ ಮಾದಕ ವಸ್ತು ನಿಯಮಗಳ "ವಿನಾಯಿತಿ ಪಡೆದ ಉತ್ಪನ್ನ" ಎಂಬ ವ್ಯಾಖ್ಯೆಯಲ್ಲಿ. ನಿಯಂತ್ರಿತ ವಸ್ತುವನ್ನು ಮನುಷ್ಯರಿಗೆ ಕೊಡಲೆಂದು ಆ ಉತ್ಪನ್ನ ಮಾಡಿದ್ದಾಗಿರಬಾರದು, ಅದನ್ನು ಸುಲಭವಾಗಿ ಬೇರ್ಪಡಿಸಲು ಆಗಬಾರದು, ಒಂದು ಡಬ್ಬಿಯಲ್ಲಿ 1 ಮಿಲಿಗ್ರಾಂಗಿಂತ ಹೆಚ್ಚಿರಬಾರದು. ಮೂರೂ ಒಟ್ಟಿಗೆ ಕೂಡಿಬರಬೇಕು.

ಅಮೆರಿಕ. 2018ರ ಕೃಷಿ ಮಸೂದೆ ಒಣ ತೂಕದಲ್ಲಿ ಡೆಲ್ಟಾ-9 ಟಿಎಚ್‌ಸಿ (ಟಿಎಚ್‌ಸಿಯ ಮುಖ್ಯ ರೂಪ) ಶೇ 0.3 ಮೀರದ ಗಿಡವನ್ನು ಹೆಂಪ್ ಎಂದು ಕರೆದು ಮಾದಕ ವಸ್ತು ಪಟ್ಟಿಯಿಂದ ಹೊರತಂದಿತು. ಬಣ್ಣಗಳನ್ನು ಬಿಟ್ಟರೆ ಸೌಂದರ್ಯವರ್ಧಕದ ಪದಾರ್ಥಗಳಿಗೆ ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮುಂಚಿತ ಅನುಮತಿ ಕೇಳುವುದಿಲ್ಲ. ಸಿಬಿಡಿಯನ್ನು ಆಹಾರಕ್ಕೆ ಬೆರೆಸುವಂತಿಲ್ಲ ಎನ್ನುವ ಎಫ್‌ಡಿಎ ಸೌಂದರ್ಯವರ್ಧಕಕ್ಕೆ ಅಂಥ ನಿರ್ದಿಷ್ಟ ನಿಷೇಧ ಹಾಕಿಲ್ಲ. ಹಾಗೆಂದು ಹಬ್ಬ ಮಾಡಬೇಕಿಲ್ಲ: ಉತ್ಪನ್ನ ಸುರಕ್ಷಿತ ಎಂದು ತೋರಿಸುವ ದಾಖಲೆ ಇಟ್ಟಿರಬೇಕು ಎಂದು 2022ರಲ್ಲಿ ಬಂದ ಸೌಂದರ್ಯವರ್ಧಕ ಸುಧಾರಣಾ ಕಾಯ್ದೆ ಕಡ್ಡಾಯ ಮಾಡಿದೆ. ರಾಜ್ಯಗಳ ಕಾನೂನು ಅದರ ಮೇಲೆ ಬೇರೆ.

ಕೆನಡಾ. ಹೆಂಪ್ ಬೀಜದ ಎಣ್ಣೆಯಲ್ಲಿ ಟಿಎಚ್‌ಸಿ 10 ಪಿಪಿಎಂ ದಾಟದಿದ್ದರೆ ಅದು ಸೌಂದರ್ಯವರ್ಧಕದ ಪದಾರ್ಥವಾಗಬಹುದು. ಸಿಬಿಡಿ ಮಾತ್ರ 2018ರ ಗಾಂಜಾ ಕಾಯ್ದೆಯಡಿ ಬರುತ್ತದೆ. ಅದನ್ನು ಹಾಕಿದ ಕ್ರೀಮು ಪರವಾನಗಿ ಪಡೆದ ಗಾಂಜಾ ಮಳಿಗೆಯಲ್ಲಿ, ಗಾಂಜಾ ಉತ್ಪನ್ನವಾಗಿಯೇ ಮಾರಾಟವಾಗಬೇಕು. ಮೊದಲಲ್ಲಿ ಹೇಳಿದ ವಿಚಿತ್ರದ ಗುಟ್ಟು ಇಷ್ಟೇ: ಗಾಂಜಾಕ್ಕೆಂದೇ ಬೇರೆ ಬಾಗಿಲು ತೆರೆದ ದೇಶ ಅದನ್ನು ಸೌಂದರ್ಯವರ್ಧಕದ ಬಾಗಿಲಿನಿಂದ ಒಳಬಿಡುವುದಿಲ್ಲ.

ಜಪಾನ್. 2024ರ ಡಿಸೆಂಬರ್ 12ರಿಂದ ಗಿಡದ ಭಾಗವನ್ನು ನೋಡುವ ಹಳೆಯ ಪದ್ಧತಿ ಬಿಟ್ಟು ಟಿಎಚ್‌ಸಿ ಉಳಿಕೆಯನ್ನೇ ಅಳೆಯುವ ಪದ್ಧತಿಗೆ ಬಂದಿದೆ. ಎಣ್ಣೆ ಮತ್ತು ಪುಡಿಗೆ 10 ಪಿಪಿಎಂ, ನೀರಿನಂಥ ದ್ರವಗಳಿಗೆ 0.1 ಪಿಪಿಎಂ, ಉಳಿದವಕ್ಕೆ 1 ಪಿಪಿಎಂ. ಲೋಕದ ಅತಿ ಬಿಗಿಯಾದ ಅಂಕಿಗಳಲ್ಲಿ ಇವೂ ಸೇರುತ್ತವೆ.

ಚೀನಾ. 2021ರ ಮೇ ತಿಂಗಳಲ್ಲಿ ಗಾಂಜಾ ಬೀಜ, ಬೀಜದ ಎಣ್ಣೆ, ಎಲೆಯ ಸಾರ, ಸಿಬಿಡಿ ಎಲ್ಲವನ್ನೂ ಸೌಂದರ್ಯವರ್ಧಕಗಳ ನಿಷೇಧಿತ ಪಟ್ಟಿಗೆ ಸೇರಿಸಿತು. ಜಗತ್ತಿನ ದೊಡ್ಡ ಹೆಂಪ್ ಬೆಳೆಗಾರ ದೇಶಗಳಲ್ಲಿ ಅದೂ ಒಂದು. ಬೆಳೆಯುವ ದೇಶ ಎಂದಾಕ್ಷಣ ಬಳಸುವ ದೇಶವಾಗಿರಬೇಕೆಂದಿಲ್ಲ.

ಭಾರತ. 1985ರ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯ ಗಾಂಜಾ ವ್ಯಾಖ್ಯೆ 1961ರ ಒಪ್ಪಂದದ ಪಡಿಯಚ್ಚು: ಹೂವಿನ ತುದಿ ಗಾಂಜಾ, ರಾಳ ಚರಸ್, ತುದಿಯಿಲ್ಲದ ಬೀಜ ಮತ್ತು ಎಲೆ ವ್ಯಾಖ್ಯೆಯ ಹೊರಗೆ. ಗಾಂಜಾದ ಸಾರ ಅಥವಾ ಟಿಂಕ್ಚರನ್ನು ಅದೇ ಕಾಯ್ದೆ ತಯಾರಿಸಿದ ಮಾದಕ ವಸ್ತು ಎಂದು ಬೇರೆಯಾಗಿ ಹೆಸರಿಸುತ್ತದೆ. ಬೀಜ ಮತ್ತು ನಾರಿಗಾಗಿ ಬೇಸಾಯಕ್ಕೆ ಅನುವು ಮಾಡುವ 14ನೇ ಸೆಕ್ಷನ್ ಇದೆ. ಉತ್ತರಾಖಂಡ ಆ ದಾರಿಯಲ್ಲಿ ಪರವಾನಗಿ ಕೊಟ್ಟಿದೆ. ಬೀಜದ ಎಣ್ಣೆಯ ಸೋಪು, ಕ್ರೀಮು ಮಾಡಲು 2020ರ ಸೌಂದರ್ಯವರ್ಧಕ ನಿಯಮಗಳಡಿ ರಾಜ್ಯದ ಪರವಾನಗಿ ಪ್ರಾಧಿಕಾರದಿಂದ ಸಿಒಎಸ್-8 ನಮೂನೆಯ ಪರವಾನಗಿ ಬೇಕು. ಹೊರಗಿನಿಂದ ತರಿಸಿದರೆ ಕೇಂದ್ರದ ಸಿಒಎಸ್-2 ನೋಂದಣಿ. ಭಂಗಿ ಎಲೆಯ ಸಾರ ಹಾಕಿದ ಎಣ್ಣೆಗಳು ಮಾರುಕಟ್ಟೆಯಲ್ಲಿ ಕಾಣುತ್ತವಲ್ಲ ಎಂದರೆ, ಅವು ಆಯುರ್ವೇದ ಔಷಧಿಯ ಪರವಾನಗಿಯಲ್ಲಿ ಬಂದವು. ಆ ಪರವಾನಗಿಯ ಆಸರೆಯಲ್ಲಿ ನೀವು ಸೌಂದರ್ಯವರ್ಧಕ ಮಾರಲಾಗದು.

ಹೆಜ್ಜೆ 5: ಲ್ಯಾಬ್ ವರದಿಯನ್ನು ಓದುವುದು ಕಲಿಯಿರಿ

ಇಡೀ ಕೆಲಸದಲ್ಲಿ ಹೆಚ್ಚು ಜನ ಎಡವುವುದು ಇಲ್ಲಿ. ಸರಬರಾಜುದಾರರು ಕಳಿಸುವ ಪರೀಕ್ಷಾ ವರದಿಯಲ್ಲಿ "ಟಿಎಚ್‌ಸಿ: ಪತ್ತೆಯಾಗಿಲ್ಲ" ಎಂದು ಇರುತ್ತದೆ. ಅದನ್ನು ನೋಡಿ ಸಮಾಧಾನಪಟ್ಟು ಕಡತಕ್ಕೆ ಸೇರಿಸಿಬಿಡುತ್ತಾರೆ. ಅದೇ ಸಾಲಿನಲ್ಲಿ, ಸಾಮಾನ್ಯವಾಗಿ ಸಣ್ಣ ಅಕ್ಷರದಲ್ಲಿ, ಪರಿಮಾಣ ಮಿತಿ ಎಂಬ ಅಂಕಿ ಇರುತ್ತದೆ. ಆ ಉಪಕರಣ, ಆ ವಿಧಾನ ನಂಬಿಕೆಯಿಂದ ಅಳೆಯಬಲ್ಲ ಕನಿಷ್ಠ ಪ್ರಮಾಣ ಅದು. ಅಲ್ಲಿ ಶೇ 0.01 ಎಂದಿದ್ದರೆ ಪಿಪಿಎಂ ಲೆಕ್ಕದಲ್ಲಿ ಅದು 100. ನಿಮ್ಮ ಮಾರುಕಟ್ಟೆಯ ಮಿತಿ 10 ಪಿಪಿಎಂ ಎಂದಿಟ್ಟುಕೊಳ್ಳಿ. ಅಂದರೆ ಎಣ್ಣೆಯಲ್ಲಿ 60 ಪಿಪಿಎಂ ಟಿಎಚ್‌ಸಿ ಇದ್ದರೂ ಆ ಲ್ಯಾಬು "ಪತ್ತೆಯಾಗಿಲ್ಲ" ಎಂದು ಬರೆಯಬಹುದು. ಸುಳ್ಳಂತೂ ಅಲ್ಲ, ಆದರೆ ನಿಮ್ಮ ಪ್ರಶ್ನೆಗೆ ಉತ್ತರವೂ ಅಲ್ಲ. ಮಿತಿಯ ಹತ್ತನೇ ಒಂದು ಭಾಗದಷ್ಟನ್ನಾದರೂ ಅಳೆಯಬಲ್ಲ ವಿಧಾನವನ್ನೇ ಕೇಳಿ ಮಾಡಿಸಿ.

ಎರಡನೆಯದು, ಯಾವ ಟಿಎಚ್‌ಸಿ? ಹಸಿ ಗಿಡದಲ್ಲಿ ಅದು ಬಹುಪಾಲು ಟಿಎಚ್‌ಸಿಎ ಎಂಬ ಆಮ್ಲರೂಪದಲ್ಲಿರುತ್ತದೆ. ಬಿಸಿಗೆ ಆಮ್ಲದ ಭಾಗ ಕಳಚಿ ಟಿಎಚ್‌ಸಿಯಾಗುತ್ತದೆ. ಹಾಗಾಗಿ ಒಟ್ಟು ಟಿಎಚ್‌ಸಿ ಎಂದರೆ ಟಿಎಚ್‌ಸಿ ಜೊತೆಗೆ ಟಿಎಚ್‌ಸಿಎಯ 0.877 ಪಟ್ಟು. ಈ 0.877 ಎರಡರ ಅಣುತೂಕಗಳ ಅನುಪಾತ. ಎಚ್‌ಪಿಎಲ್‌ಸಿ ಯಂತ್ರ (ದ್ರವರೂಪದಲ್ಲೇ ಪದಾರ್ಥಗಳನ್ನು ಬೇರ್ಪಡಿಸಿ ಅಳೆಯುವಂಥದ್ದು) ಎರಡನ್ನೂ ಬೇರೆಬೇರೆಯಾಗಿ ತೋರಿಸುತ್ತದೆ. ಗ್ಯಾಸ್ ಕ್ರೊಮ್ಯಾಟೊಗ್ರಫಿಯಲ್ಲಿ ಯಂತ್ರದ ಬಿಸಿಗೇ ಆಮ್ಲರೂಪ ಮುರಿಯುವುದರಿಂದ ಒಟ್ಟಿಗೆ ಕಾಣುತ್ತದೆ. ಟಿಎಚ್‌ಸಿ 3, ಟಿಎಚ್‌ಸಿಎ 10 ಪಿಪಿಎಂ ಎಂದು ವರದಿ ಇದ್ದರೆ ಒಟ್ಟು 11.8. ಮೊದಲ ಅಂಕಿ ಮಾತ್ರ ನೋಡಿದವರು ಪಾಸು ಎಂದುಕೊಳ್ಳುತ್ತಾರೆ; ಒಟ್ಟು ಟಿಎಚ್‌ಸಿಗೆ 10ರ ಮಿತಿ ಹಾಕಿರುವ ಕಡೆ ಅದು ಫೇಲು.

ಮೂರನೆಯದು, ಶೇ 0.3 ಎಂಬ ಅಂಕಿಯ ಮೋಹ. ಅದು ಹೊಲದಲ್ಲಿರುವ ಗಿಡವನ್ನು ಒಣಗಿಸಿ ಅಳೆದಾಗಿನ ಮಿತಿ. ಅದನ್ನೇ ಕ್ರೀಮಿನ ಮಿತಿ ಎಂದು ತಿಳಿದವರು ಬಹಳ. ಶೇ 0.3 ಎಂದರೆ 3,000 ಪಿಪಿಎಂ; 50 ಗ್ರಾಂ ಕ್ರೀಮಿನಲ್ಲಿ 150 ಮಿ.ಗ್ರಾಂ ಟಿಎಚ್‌ಸಿ.

ಈಗ ಒಂದು ನಿಜವಾದ ಲೆಕ್ಕ ಮಾಡೋಣ. 50 ಗ್ರಾಂ ಕ್ರೀಮು, ಅದರಲ್ಲಿ ಶೇ 5ರಷ್ಟು ಬೀಜದ ಎಣ್ಣೆ, ಎಣ್ಣೆಯಲ್ಲಿ 10 ಪಿಪಿಎಂ ಟಿಎಚ್‌ಸಿ. ಎಣ್ಣೆ 2.5 ಗ್ರಾಂ. ಒಂದು ಕಿಲೋಗೆ 10 ಮಿ.ಗ್ರಾಂನಂತೆ ಅದರಲ್ಲಿರುವ ಟಿಎಚ್‌ಸಿ 0.025 ಮಿ.ಗ್ರಾಂ. ಇಡೀ ಕ್ರೀಮಿಗೆ ಹಂಚಿದರೆ 0.5 ಪಿಪಿಎಂ. ಬ್ರಿಟನ್ನಿನ ಡಬ್ಬಿ ಲೆಕ್ಕದಲ್ಲೂ, ಜಪಾನಿನ 1 ಪಿಪಿಎಂ ಲೆಕ್ಕದಲ್ಲೂ ಒಳಗೇ ಇದೆ. ಎಣ್ಣೆಯನ್ನು ಶೇ 20ಕ್ಕೆ ಏರಿಸಿದರೆ ಕ್ರೀಮಿನಲ್ಲಿ 2 ಪಿಪಿಎಂ. ಬ್ರಿಟನ್ನಿನಲ್ಲಿ ಆಗಲೂ ಚಿಂತೆಯಿಲ್ಲ, ಜಪಾನಿನಲ್ಲಿ ಮುಗಿಯಿತು. ಅದೇ ಎಣ್ಣೆಯನ್ನು ಏನೂ ಬೆರೆಸದೆ ಮಸಾಜ್ ಎಣ್ಣೆಯಾಗಿ ತುಂಬಿ ನೋಡಿ. 100 ಮಿ.ಲೀ ಬಾಟಲಿಯಲ್ಲಿ ಸುಮಾರು 92 ಗ್ರಾಂ ಎಣ್ಣೆ, 0.92 ಮಿ.ಗ್ರಾಂ ಟಿಎಚ್‌ಸಿ, ಬ್ರಿಟನ್ನಿನ 1 ಮಿ.ಗ್ರಾಂ ಮಿತಿಯಲ್ಲಿ ಕೂದಲೆಳೆಯಲ್ಲಿ ಪಾರು. 200 ಮಿ.ಲೀ ಬಾಟಲಿಗೆ ತುಂಬಿದರೆ ಅದೇ ಎಣ್ಣೆ ಮಿತಿ ದಾಟಿತು. ಜಪಾನಿನ 10 ಪಿಪಿಎಂ ಲೆಕ್ಕದಲ್ಲಿ ಬಾಟಲಿ ಎಷ್ಟೇ ದೊಡ್ಡದಿರಲಿ ಫಲಿತಾಂಶ ಬದಲಾಗುವುದಿಲ್ಲ. ಮಿತಿ ತೂಕಕ್ಕೋ ಡಬ್ಬಿಗೋ ಎಂಬುದನ್ನು ನೋಡಿಕೊಂಡೇ ಬಾಟಲಿಯ ಗಾತ್ರ ತೀರ್ಮಾನಿಸಬೇಕು. ಪ್ಯಾಕಿಂಗ್ ವಿನ್ಯಾಸ ಮಾಡುವವರಿಗೆ ಈ ಸಂಗತಿಯನ್ನು ಯಾರೂ ಹೇಳಿರುವುದಿಲ್ಲ.

ವರದಿ ನೀವು ಕೊಂಡ ಬ್ಯಾಚಿನದ್ದೇ ಆಗಿರಲಿ. ಕಳೆದ ವರ್ಷದ ಬ್ಯಾಚಿನ ವರದಿಯನ್ನೇ ಎಲ್ಲರಿಗೂ ಕಳಿಸುವ ಅಭ್ಯಾಸ ಈ ವ್ಯಾಪಾರದಲ್ಲಿ ಧಾರಾಳವಾಗಿದೆ. ಕೀಟನಾಶಕ ಮತ್ತು ಭಾರಲೋಹಗಳ ಪರೀಕ್ಷೆಯನ್ನೂ ಕೇಳಿ. ಈ ಗಿಡ ಮಣ್ಣಿನಲ್ಲಿರುವ ಕ್ಯಾಡ್ಮಿಯಂನಂಥ ಲೋಹಗಳನ್ನು ಹೀರಿಕೊಳ್ಳುವುದರಲ್ಲಿ ನಿಸ್ಸೀಮ.

ಹೆಜ್ಜೆ 6: ಫಾರ್ಮುಲಾ ಕೆಡದಂತೆ ನೋಡಿಕೊಳ್ಳಿ, ಏಕೆಂದರೆ ಅದೂ ನಿಯಮದ ಭಾಗವೇ

ಬೀಜದ ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ಕಪ್ಪು ಬಾಟಲಿ, ತಂಪು ಜಾಗ, ವಿಟಮಿನ್ ಇ ಇಷ್ಟಿದ್ದರೆ ಸಾಕಷ್ಟು ತಾಳುತ್ತದೆ. ಎಣ್ಣೆ ಎಷ್ಟು ಕೆಟ್ಟಿದೆ ಎಂದು ತೋರಿಸುವ ಪೆರಾಕ್ಸೈಡ್ ಮೌಲ್ಯವನ್ನು ತಂದಾಗ ಒಮ್ಮೆ, ಬಳಸುವಾಗ ಒಮ್ಮೆ ನೋಡಿ. ಹಸಿರು ಬಣ್ಣ ಇಷ್ಟವಾಗದಿದ್ದರೆ ಶುದ್ಧೀಕರಿಸಿದ ತಿಳಿ ಎಣ್ಣೆ ತೆಗೆದುಕೊಳ್ಳಬಹುದು.

ಸಿಬಿಡಿಯದ್ದು ಸ್ವಲ್ಪ ರಗಳೆ. ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಕ್ಷಾರದ ವಾತಾವರಣದಲ್ಲಿ ಗಾಳಿ ತಾಗಿದರೆ ಆಮ್ಲಜನಕದೊಡನೆ ಸೇರಿ ಕ್ವಿನೋನ್ ಆಗಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಹಳೆಯ ಕಾಲದ ಬೀಮ್ ಪರೀಕ್ಷೆ ಗಾಂಜಾ ಪತ್ತೆಗೆ ಬಳಸುತ್ತಿದ್ದುದು ಇದೇ ಗುಣವನ್ನು. ಬಿಳಿ ಕ್ರೀಮು ನಸುಗುಲಾಬಿಯಾಗುತ್ತ ಹೋದರೆ ಸುಗಂಧದ ಮೇಲೆ ತಪ್ಪು ಹೊರಿಸುವ ಮೊದಲು ಸಿಬಿಡಿ ಕಡೆ ನೋಡಿ. ಬಣ್ಣ ಬದಲಾಯಿತೆಂದರೆ ಲೇಬಲ್ಲಿನ ಮೇಲೆ ಬರೆದಷ್ಟು ಸಿಬಿಡಿ ಒಳಗೆ ಉಳಿದಿಲ್ಲದಿರಲೂಬಹುದು. ಇನ್ನೊಂದು ತುದಿಯಲ್ಲಿ, ಪ್ರಬಲ ಆಮ್ಲ ಮತ್ತು ಬಿಸಿ ಸೇರಿದರೆ ಸಿಬಿಡಿಯ ಅಣು ಮಡಚಿಕೊಂಡು ಟಿಎಚ್‌ಸಿಯೇ ಆಗುತ್ತದೆ. ಸಾಮಾನ್ಯ ಕ್ರೀಮಿನ ಪಿಎಚ್‌ನಲ್ಲಿ ಅಂಥ ಪರಿಸ್ಥಿತಿ ಇರುವುದಿಲ್ಲ. ಆದರೂ ಆಮ್ಲೀಯ ಸೀರಂ ಮಾಡುವವರು ಬಾಳಿಕೆ ಪರೀಕ್ಷೆಯ ಕೊನೆಯಲ್ಲಿ ಟಿಎಚ್‌ಸಿಯನ್ನು ಇನ್ನೊಮ್ಮೆ ಅಳೆಸಿ ವರದಿಯನ್ನು ಕಡತಕ್ಕೆ ಸೇರಿಸುವುದು ಒಳ್ಳೆಯದು.

ಹೆಜ್ಜೆ 7: ಸುರಕ್ಷತಾ ಕಡತ

ಯುರೋಪಿನಲ್ಲಿ ಅರ್ಹ ತಜ್ಞರು ಸಹಿ ಮಾಡಿದ ಸುರಕ್ಷತಾ ವರದಿ ಇಲ್ಲದೆ ಉತ್ಪನ್ನವನ್ನು ಮಾರುಕಟ್ಟೆಗೆ ಬಿಡುವಂತಿಲ್ಲ. ಉತ್ಪನ್ನದ ಕಾನೂನು ಹೊಣೆ ಹೊರುವ ಜವಾಬ್ದಾರ ವ್ಯಕ್ತಿ ಒಬ್ಬರಿರಬೇಕು, ಅವರ ಮೂಲಕ ಒಕ್ಕೂಟದ ಸಿಪಿಎನ್‌ಪಿ ಎಂಬ ಆನ್‌ಲೈನ್ ಜಾಲದಲ್ಲಿ ಅಧಿಸೂಚನೆಯಾಗಬೇಕು. ಬೇರೆ ಕಡೆ ಹೆಸರು ಬೇರೆ, ತಿರುಳು ಅದೇ. ಬೀಜದ ಎಣ್ಣೆಗೆ ಈ ವರದಿ ಬರೆಯುವುದು ಕಷ್ಟವಲ್ಲ. ಸಿಬಿಡಿಗೆ ಕಷ್ಟ. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಸಿಬಿಡಿ ಆಹಾರದ ಅರ್ಜಿಗಳ ಪರಿಶೀಲನೆಯನ್ನೇ ತಡೆಹಿಡಿಯಿತು. ಯಕೃತ್ತು, ಜೀರ್ಣಾಂಗ, ಹಾರ್ಮೋನು, ನರಮಂಡಲದ ಮೇಲಿನ ಪರಿಣಾಮದ ಬಗ್ಗೆ ದತ್ತಾಂಶ ಸಾಲದು ಎಂಬುದು ಕಾರಣ. ಅದು ತಿನ್ನುವ ಸಿಬಿಡಿಯ ಮಾತು, ಹಚ್ಚುವುದರದ್ದಲ್ಲ. ಆದರೆ ನಿಮ್ಮ ತಜ್ಞರು ಚರ್ಮದ ಮೂಲಕ ಎಷ್ಟು ಒಳಹೋಗುತ್ತದೆ ಎಂಬ ಲೆಕ್ಕ ಕೊಡಲೇಬೇಕಾಗುತ್ತದೆ. ಆ ಲೆಕ್ಕವಿಲ್ಲದೆ "ನೈಸರ್ಗಿಕ, ಹಾಗಾಗಿ ಸುರಕ್ಷಿತ" ಎಂದು ಬರೆದ ವರದಿಗೆ ಕೊಟ್ಟ ಹಣ ದಂಡ.

ಹೆಜ್ಜೆ 8: ಲೇಬಲ್ಲು ಮತ್ತು ಜಾಹೀರಾತು

ಪದಾರ್ಥಗಳ ಪಟ್ಟಿಯಲ್ಲಿ ಅಂತರರಾಷ್ಟ್ರೀಯ ಹೆಸರನ್ನೇ ಬರೆಯಿರಿ: ಬೀಜದ ಎಣ್ಣೆಗೆ ಕ್ಯಾನಬಿಸ್ ಸಟೈವಾ ಸೀಡ್ ಆಯಿಲ್, ಸಿಬಿಡಿಗೆ ಕ್ಯಾನಬಿಡಿಯಾಲ್. "ಸೀಡ್" ಎಂಬ ಪದ ಬಿಟ್ಟುಹೋದರೆ ನೀವು ಇಡೀ ಗಿಡದ ಎಣ್ಣೆ ಹಾಕಿದ್ದೀರಿ ಎಂದು ನೀವೇ ಬರೆದುಕೊಟ್ಟಂತೆ.

ಬೀಜದ ಎಣ್ಣೆಯಲ್ಲಿ ಸಿಬಿಡಿ ಹೆಸರಿಗೆ ಮಾತ್ರ ಇರುತ್ತದೆ. ಆದರೂ ಅದರ ಡಬ್ಬಿಯ ಮೇಲೆ ಐದು ಬೆರಳಿನಂಥ ಎಲೆಯ ಚಿತ್ರ, ದೊಡ್ಡಕ್ಷರದಲ್ಲಿ "ಸಿಬಿಡಿ" ಹಾಕಿ ಗಿರಾಕಿಗಳ ಕಣ್ಣಿಗೆ ಮಣ್ಣೆರಚುವವರಿಗೇನೂ ಕಡಿಮೆಯಿಲ್ಲ. ಇದು ತಪ್ಪು ಬ್ರ್ಯಾಂಡಿಂಗ್. ಎಲೆಯ ಚಿತ್ರದಿಂದ ಇನ್ನೊಂದು ತಲೆನೋವೂ ಇದೆ: ಸುಮ್ಮನೆ ಸಾಗಿಹೋಗಬೇಕಿದ್ದ ಪೆಟ್ಟಿಗೆಯನ್ನು ಕಸ್ಟಮ್ಸ್‌ನವರು ತೆರೆಯುವಂತೆ ಮಾಡುವುದು ಅದೇ.

ಚರ್ಮವನ್ನು ಮೃದುವಾಗಿಸುತ್ತದೆ, ತೇವ ಕಾಪಾಡುತ್ತದೆ, ಕಾಂತಿ ಕೊಡುತ್ತದೆ ಎನ್ನುವುದು ಸೌಂದರ್ಯವರ್ಧಕದ ಮಾತು. ಕೀಲುನೋವು, ಉರಿಯೂತ, ಎಕ್ಸಿಮಾ, ಸೋರಿಯಾಸಿಸ್, ನಿದ್ರಾಹೀನತೆ ಇವುಗಳ ಹೆಸರೆತ್ತಿದರೆ ಅದು ಔಷಧಿಯ ಮಾತು. ಅಮೆರಿಕದಲ್ಲಿ ಸಿಬಿಡಿ ಮಾರಾಟಗಾರರಿಗೆ ಎಫ್‌ಡಿಎ ಎಚ್ಚರಿಕೆ ಪತ್ರಗಳು 2015ರಿಂದ ಹೋಗುತ್ತಿವೆ. ಅವುಗಳಲ್ಲಿ ಮತ್ತೆ ಮತ್ತೆ ಕಾಣುವ ದೂರು ಇಂಥ ಹೇಳಿಕೆಗಳದ್ದೇ. ಯುರೋಪಿನಲ್ಲಿ ಹೇಳಿಕೆಗಳಿಗೆಂದೇ 655/2013 ನಿಯಮವಿದೆ. ಭಾರತದಲ್ಲಿ 1954ರ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಇದೆ. ಗಿರಾಕಿಯೊಬ್ಬರು "ನನ್ನ ಮಂಡಿನೋವು ಹೋಯಿತು" ಎಂದು ಬರೆದದ್ದನ್ನು ನೀವು ನಿಮ್ಮ ಪುಟದಲ್ಲಿ ಹಂಚಿಕೊಂಡರೆ ಅದು ನಿಮ್ಮದೇ ಹೇಳಿಕೆಯಾಗಿ ಎಣಿಕೆಯಾಗಬಹುದು.

ಹೆಜ್ಜೆ 9: ಗಡಿ ದಾಟಿಸುವಾಗ

ಬೆಳೆದ ದೇಶ, ತಯಾರಾದ ದೇಶ, ಮಾರುವ ದೇಶ ಈ ಮೂರರ ನಿಯಮವನ್ನೂ ಬಹಳಷ್ಟು ಜನ ನೋಡುತ್ತಾರೆ. ನಡುವೆ ವಿಮಾನ ಇಳಿಯುವ ದೇಶವನ್ನು ಮರೆಯುತ್ತಾರೆ. ಹಾಂಗ್‌ಕಾಂಗ್‌ನ ಸಿಬಿಡಿ ನಿಷೇಧ ಅಂಗಡಿಗಳಿಗಷ್ಟೇ ಸೀಮಿತವಲ್ಲ. ಒಳಗೆ ತರುವುದು, ಹೊರಗೆ ಕಳಿಸುವುದು, ಸುಮ್ಮನೆ ಕೈಯಲ್ಲಿರುವುದು ಎಲ್ಲವೂ ಅಪರಾಧ. ನಿಷೇಧ ಜಾರಿಗೆ ಬರುವ ಮೊದಲು ಜನ ತಮ್ಮಲ್ಲಿದ್ದ ಸಿಬಿಡಿ ಸಾಮಾನನ್ನು ಹಾಕಿಹೋಗಲೆಂದು ಅಲ್ಲಿನ ಸರ್ಕಾರ ಸಾರ್ವಜನಿಕ ಜಾಗಗಳಲ್ಲಿ ವಿಲೇವಾರಿ ಪೆಟ್ಟಿಗೆಗಳನ್ನು ಇಟ್ಟಿತ್ತು. ಹಳೆಯ ದಾಸ್ತಾನಿಗೆ ರಿಯಾಯಿತಿ ಇರಲಿಲ್ಲ.

ಸರಕಿನ ಜೊತೆ ಬ್ಯಾಚಿನ ಟಿಎಚ್‌ಸಿ ವರದಿ, ಗಿಡದ ಭಾಗದ ಘೋಷಣೆ, ಬೇಸಾಯ ಪರವಾನಗಿಯ ಪ್ರತಿ, ತಲುಪುವ ದೇಶದ ಅಧಿಸೂಚನೆ ಅಥವಾ ನೋಂದಣಿ ಸಂಖ್ಯೆ, ಇಷ್ಟನ್ನು ಆ ದೇಶದ ಭಾಷೆಯಲ್ಲೂ ಇಡಿ. ಕೊರಿಯರ್ ಕಂಪನಿಗಳು ಕಾನೂನಿಗಿಂತ ಬಿಗಿಯಾದ ತಮ್ಮದೇ ನಿಷೇಧಿತ ಪಟ್ಟಿ ಇಟ್ಟುಕೊಂಡಿರುತ್ತವೆ, ಬುಕಿಂಗಿಗೆ ಮೊದಲೇ ಬರವಣಿಗೆಯಲ್ಲಿ ಕೇಳಿ. ಸಿಬಿಡಿ ಇರುವ ಪೆಟ್ಟಿಗೆಯಾದರೆ ಯಾವ ಯಾವ ವಿಮಾನ ನಿಲ್ದಾಣದಲ್ಲಿ ಅದು ಇಳಿದು ಏರುತ್ತದೆ ಎಂಬ ಮಾರ್ಗವನ್ನೂ ಅವರಿಂದಲೇ ಬರೆಸಿಕೊಂಡು, ಅಲ್ಲಿಯ ಪಟ್ಟಿಗೆ ತಾಳೆ ನೋಡಿದ ಮೇಲಷ್ಟೇ ಮಾಲು ಕೊಡಿ.